ಉಗಾಂಡದ ಬೀಜ, ಕೊಡಗಿನ ಬೆಲೆ: ರೊಬಸ್ಟಾ ಆಮದಿನ ಒಂದು ಪ್ರಕರಣ ಅಧ್ಯಯನ

ಕೊಡಗಿನ ಬೆಳೆಗಾರರ ಸಭೆಗಳಲ್ಲಿ ಕೆಲವು ವರ್ಷಗಳಿಂದ ತಪ್ಪದೆ ಕೇಳಿಬರುವ ಬೇಡಿಕೆಗಳಲ್ಲಿ ಒಂದು, ವಿಯೆಟ್ನಾಂ ಮತ್ತು ಉಗಾಂಡದಿಂದ ಬರುವ ರೊಬಸ್ಟಾ ಕಾಫಿಯ ಆಮದನ್ನು ನಿಲ್ಲಿಸಬೇಕು ಎಂಬುದು. ವಿಯೆಟ್ನಾಂ ವಿಚಾರ ಸಾಕಷ್ಟು ಚರ್ಚೆಯಾಗಿದೆ. ಉಗಾಂಡದ ಹೆಸರು ಮಾತ್ರ ಮನವಿಪತ್ರಗಳಲ್ಲಿ ಬಂದು ಹೋಗುತ್ತದೆಯೇ ಹೊರತು, ಆ ದೇಶದಿಂದ ಬೀಜ ಏಕೆ ಬರುತ್ತದೆ, ಯಾವ ಕಾಗದದ ಬಲದ ಮೇಲೆ ಬರುತ್ತದೆ, ಬಂದದ್ದು ಎಲ್ಲಿಗೆ ಹೋಗುತ್ತದೆ, ಅದರಿಂದ ಸಿದ್ದಾಪುರದ ಅಥವಾ ಶನಿವಾರಸಂತೆಯ ಬೆಳೆಗಾರನ ಚೀಲದ ಬೆಲೆಯಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂಬುದನ್ನು ಬಿಡಿಸಿ ನೋಡಿದ್ದು ಕಡಿಮೆ. ಈ ಬರಹ ನೋಡಹೊರಟಿರುವುದು ಅದನ್ನೇ. ಆಯ್ದುಕೊಂಡ ಅವಧಿ 2019-20ರ ಕುಸಿದ ಬೆಲೆಯಿಂದ 2024ರ ದಾಖಲೆ ಬೆಲೆಯವರೆಗಿನದು. ಬೆಲೆ ತೀರ ಕೆಳಗಿದ್ದಾಗಲೂ ತೀರ ಮೇಲಿದ್ದಾಗಲೂ ಆಮದು ನಡೆದೇ ಇದ್ದುದರಿಂದ, ಆಮದಿನ ಪರಿಣಾಮವನ್ನು ಜಾಗತಿಕ ಏರಿಳಿತದಿಂದ ಬೇರ್ಪಡಿಸಿ ತೂಗಲು ಈ ಅವಧಿ ಅನುಕೂಲವಾಗಿದೆ.

ವಿವರಕ್ಕೆ ಇಳಿಯುವ ಮೊದಲೇ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಉಗಾಂಡದ ಬೀಜ ಕೊಡಗಿನ ರೊಬಸ್ಟಾದ ಒಟ್ಟಾರೆ ಬೆಲೆಯನ್ನು ನಿರ್ಧರಿಸುತ್ತಿಲ್ಲ. ಆದರೆ ಇಲ್ಲಿಯ ಕೆಳದರ್ಜೆಯ ಬೀಜದ ಬೆಲೆ ಏರದಂತೆ ಅದು ಹಿಡಿದಿಡುತ್ತದೆ, ಮತ್ತು ರೋಗ, ಕೀಟಗಳ ವಿಷಯದಲ್ಲಿ ಬೆಲೆಗಿಂತ ದೊಡ್ಡ ಅಪಾಯವನ್ನು ಜೊತೆಯಲ್ಲಿ ತರಬಲ್ಲದು. ನಮ್ಮ ಮನವಿಪತ್ರಗಳು ಒಟ್ಟಾರೆ ಬೆಲೆಯ ಮಾತನ್ನೇ ಹಿಡಿದು ಕುಳಿತಿವೆ. ಉಳಿದೆರಡು ಬದಿಗೆ ಸರಿದಿವೆ.

ಎರಡು ನಾಡುಗಳ ಬೆಳೆ

ರೊಬಸ್ಟಾ ಉಗಾಂಡದ ಮಣ್ಣಿನಲ್ಲೇ ಹುಟ್ಟಿ ಬೆಳೆದ ಗಿಡ. ಅಲ್ಲಿನ ಕಿಬಾಲೆ ಕಾಡಿನಲ್ಲಿ ಅದು ಇಂದಿಗೂ ತಾನೇ ತಾನಾಗಿ ಬೆಳೆಯುತ್ತದೆ. ಭಾರತಕ್ಕೆ ಅದು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಎಲೆತುಕ್ಕು ರೋಗ ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದ ತೋಟಗಳನ್ನು ಸೊರಗಿಸಿದ ಮೇಲೆ ರೋಗ ತಾಳುವ ಗಿಡವೊಂದರ ಹುಡುಕಾಟದಲ್ಲಿದ್ದ ಪ್ಲಾಂಟರುಗಳು ಅದನ್ನು ಹಿಡಿದುಕೊಂಡರು. ಇಂದು ದೇಶದ ವಾರ್ಷಿಕ ಕಾಫಿ ಉತ್ಪಾದನೆ ಸುಮಾರು 3.5 ಲಕ್ಷ ಟನ್. ಅದರಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು, ದೇಶದ ಒಟ್ಟು ಬೆಳೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕೊಡಗು ಒಂದೇ ಜಿಲ್ಲೆಯದು, ಮತ್ತು ಕೊಡಗಿನ ಬೆಳೆಯಲ್ಲಿ ರೊಬಸ್ಟಾದ ಪಾಲೇ ದೊಡ್ಡದು.

ಉಗಾಂಡ ಆಫ್ರಿಕಾ ಖಂಡದಲ್ಲಿ ಅತಿ ಹೆಚ್ಚು ಕಾಫಿ ರಫ್ತು ಮಾಡುವ ದೇಶ. ಇಥಿಯೋಪಿಯ ಅದಕ್ಕಿಂತ ಹೆಚ್ಚು ಬೆಳೆದರೂ ದೊಡ್ಡ ಪಾಲನ್ನು ತನ್ನ ಮನೆಗಳಲ್ಲೇ ಕುಡಿದು ಮುಗಿಸುತ್ತದೆ. ಉಗಾಂಡದವರು ಕಾಫಿ ಕುಡಿಯುವುದು ಬಹಳ ಕಡಿಮೆ. 2023-24ರ ಕಾಫಿ ವರ್ಷದಲ್ಲಿ ಅದು 60 ಕಿಲೋ ತೂಕದ ಸುಮಾರು 60 ಲಕ್ಷ ಚೀಲಗಳನ್ನು ಹೊರಗೆ ಕಳಿಸಿತು. ಟನ್ನಿಗೆ ಇಳಿಸಿದರೆ ಇದು ಸುಮಾರು 3.6 ಲಕ್ಷ, ಅಂದರೆ ನಮ್ಮ ಇಡೀ ದೇಶದ ಬೆಳೆಗೆ ಸರಿಸಮ. ಇದನ್ನು ಬೆಳೆಯುವವರು ಹದಿನೇಳು ಹದಿನೆಂಟು ಲಕ್ಷ ಕುಟುಂಬಗಳು; ಬಹುಪಾಲು ಒಂದು ಹೆಕ್ಟೇರಿಗೂ ಕಡಿಮೆ ಜಾಗದವರು, ಬಾಳೆಯ ನಡುವೆ ಕಾಫಿ ಗಿಡ ನೆಟ್ಟವರು. ಸ್ಪ್ರಿಂಕ್ಲರ್ ನೀರಾವರಿ, ವರ್ಷಕ್ಕೆರಡು ಬಾರಿ ಗೊಬ್ಬರ, ನೆರಳು ಮರಗಳ ಕೊಂಬೆ ತೆಗೆಸುವ ಕೆಲಸ, ಅಸ್ಸಾಮಿನಿಂದ ಬರುವ ಕಾರ್ಮಿಕರಿಗೆ ಲೈನ್ ಮನೆ, ಇವೆಲ್ಲ ಸೇರಿದ ಕೊಡಗಿನ ತೋಟದ ಖರ್ಚಿಗೂ ಮನೆಮಂದಿಯೇ ಕೊಯ್ದು ಅಂಗಳದಲ್ಲಿ ಒಣಗಿಸುವ ಅಲ್ಲಿಯ ಖರ್ಚಿಗೂ ಹೋಲಿಕೆಯೇ ಇಲ್ಲ.

ಇನ್ನೊಂದು ವ್ಯತ್ಯಾಸ ಈ ಪ್ರಕರಣಕ್ಕೆ ಬಹಳ ಮುಖ್ಯ. ಕೊಡಗಿನ ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಾಗುತ್ತದೆ, ವರ್ಷಕ್ಕೆ ಒಂದೇ ಬೆಳೆ. ಉಗಾಂಡ ಭೂಮಧ್ಯರೇಖೆಯ ಮೇಲೆಯೇ ಕುಳಿತಿರುವುದರಿಂದ ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಎರಡು ಕೊಯ್ಲು. ಅದೂ ವಿಕ್ಟೋರಿಯ ಸರೋವರದ ಸುತ್ತಿನ ಪ್ರದೇಶದಲ್ಲಿ ಮುಖ್ಯ ಬೆಳೆ ಬರುವಾಗ ನೈರುತ್ಯ ಭಾಗದಲ್ಲಿ ಕಿರುಬೆಳೆ, ಸರೋವರದ ಸುತ್ತ ಕಿರುಬೆಳೆ ಬರುವಾಗ ನೈರುತ್ಯದಲ್ಲಿ ಮುಖ್ಯ ಬೆಳೆ. ಹೊಸ ಬೀಜ ಇಲ್ಲದ ತಿಂಗಳೇ ಇಲ್ಲವೆನ್ನಬಹುದು. ವರ್ಷವಿಡೀ ನಡೆಯಲೇಬೇಕಾದ ಕಾರ್ಖಾನೆಗೆ ಇದು ಬೆಲೆಯಷ್ಟೇ ತೂಕದ ಸಂಗತಿ.

ಬೀಜ ಬರುವ ದಾರಿ

ಉಗಾಂಡಕ್ಕೆ ಕಡಲಿಲ್ಲ. ರಾಜಧಾನಿ ಕಂಪಾಲದಿಂದ ಹೊರಟ ಕಾಫಿ ಕಂಟೇನರ್ ಕೀನ್ಯಾದ ನೆಲವನ್ನು ದಾಟಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಮೊಂಬಾಸಾ ಬಂದರಿಗೆ ಹೋಗಬೇಕು. ಆ ದಾರಿಯಲ್ಲಿ ಮೊಂಬಾಸಾದಿಂದ ವಿಕ್ಟೋರಿಯ ಸರೋವರದವರೆಗಿನ ಹಳೆಯ ರೈಲು ಮಾರ್ಗವನ್ನು 1896ರಿಂದ 1901ರವರೆಗೆ ಕಟ್ಟಿದವರಲ್ಲಿ ಬಹುಪಾಲು ಭಾರತದಿಂದ ಹೋದ ಕೂಲಿಗಳು. ಅವರ ಹಿಂದೆ ಹೋದ ಗುಜರಾತಿ ವರ್ತಕರೇ ಮುಂದೆ ಉಗಾಂಡದ ಹತ್ತಿ ಮತ್ತು ಕಾಫಿ ವ್ಯಾಪಾರವನ್ನು ಬೆಳೆಸಿದವರು. 1972ರ ಆಗಸ್ಟ್‌ನಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯದವರನ್ನು ಹೊರಹಾಕಿದಾಗ ಆ ಸರಪಳಿ ಕಡಿಯಿತು. ಮತ್ತೆ ಬೆಸೆಯಲು 1990ರ ದಶಕದ ಉದಾರೀಕರಣದವರೆಗೆ ಕಾಯಬೇಕಾಯಿತು. 1991ರಲ್ಲಿ ಅಲ್ಲಿ ಕಾಫಿ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು, ಸರ್ಕಾರಿ ಮಂಡಳಿಯೊಂದೇ ಕೊಳ್ಳುವ ವ್ಯವಸ್ಥೆ ಕೊನೆಗೊಂಡಿತು. ನಮ್ಮಲ್ಲಿ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲಿಂಗ್ ವ್ಯವಸ್ಥೆ 1996ರಲ್ಲಿ ಸಂಪೂರ್ಣ ಮುಗಿಯಿತು. ಕೆಲವೇ ವರ್ಷಗಳ ಅಂತರದಲ್ಲಿ ಎರಡೂ ದೇಶಗಳ ಬೆಳೆಗಾರರು ರೊಬಸ್ಟಾದ ಜಾಗತಿಕ ಬೆಲೆ ನಿಗದಿಯಾಗುವ ಲಂಡನ್ ಮಾರುಕಟ್ಟೆಯ ಮುಂದೆ ನೇರವಾಗಿ ನಿಂತರು ಎನ್ನುವುದನ್ನು ಮರೆಯಬಾರದು.

ಮೊಂಬಾಸಾದಿಂದ ಅರಬ್ಬೀ ಸಮುದ್ರ ದಾಟಿ ಭಾರತದ ಬಂದರಿಗೆ ಬರುವ ಈ ಬೀಜಕ್ಕೆ ಸುಂಕವೆಷ್ಟು? ಕಾಫಿ ಬೀಜದ ಮೇಲೆ ಭಾರತದ ಮೂಲ ಆಮದು ಸುಂಕ ಶೇಕಡ 100. ಆಗ್ನೇಯ ಏಷ್ಯದ ದೇಶಗಳೊಡನೆ ಮಾಡಿಕೊಂಡ ಆಸಿಯಾನ್ ವ್ಯಾಪಾರ ಒಪ್ಪಂದ 2010ರಲ್ಲಿ ಜಾರಿಗೆ ಬಂದ ನಂತರ ವಿಯೆಟ್ನಾಂ ಕಾಫಿಯ ಮೇಲಿನ ಸುಂಕ ಹಂತಹಂತವಾಗಿ ಶೇಕಡ 45ಕ್ಕೆ ಇಳಿಯಿತು. ಉಗಾಂಡಕ್ಕೆ ಅಂಥ ಒಪ್ಪಂದವಿಲ್ಲ. ಅತ್ಯಂತ ಹಿಂದುಳಿದ ದೇಶಗಳಿಗೆಂದು 2008ರಲ್ಲಿ ದೆಹಲಿಯ ಭಾರತ–ಆಫ್ರಿಕಾ ಶೃಂಗಸಭೆಯಲ್ಲಿ ಘೋಷಿಸಿದ ಸುಂಕರಹಿತ ಯೋಜನೆಯ ಲಾಭ ಉಗಾಂಡಕ್ಕೂ ಇದೆಯಾದರೂ, ತನ್ನ ರೈತರ ಹಿತಕ್ಕೆಂದು ಭಾರತ ಕೆಲವು ಸರಕುಗಳನ್ನು ಹೊರಗಿಡುವ ಪಟ್ಟಿಯೊಂದನ್ನು ಅದರಲ್ಲಿ ಇಟ್ಟುಕೊಂಡಿದೆ. ಆ ಪಟ್ಟಿ ಪರಿಷ್ಕರಣೆಯಾಗುವಾಗಲೆಲ್ಲ ಕೊಡಗಿನ ಸಂಘಟನೆಗಳು ಎಚ್ಚರದಿಂದಿರಬೇಕು.

ಹಾಗಾದರೆ ಶೇಕಡ 100ರ ಗೋಡೆಯನ್ನು ದಾಟಿ ಬೀಜ ಒಳಗೆ ಬರುವುದು ಹೇಗೆ? ಗೋಡೆಯ ಪಕ್ಕದಲ್ಲಿ ಅಡ್ವಾನ್ಸ್ ಆಥರೈಸೇಷನ್ ಎಂಬ ಬಾಗಿಲಿದೆ. ರಫ್ತಿಗೆಂದು ತಯಾರಿಸುವ ಸರಕಿಗೆ ಬೇಕಾದ ಕಚ್ಚಾವಸ್ತುವನ್ನು ಸುಂಕ ಕಟ್ಟದೆ ತರಿಸಿಕೊಂಡು, ಮೌಲ್ಯ ಸೇರಿಸಿ, ಗೊತ್ತಾದ ಅವಧಿಯೊಳಗೆ ಹೊರಗೆ ಕಳುಹಿಸುತ್ತೇನೆಂದು ಬರೆದುಕೊಡುವ ಕಾರ್ಖಾನೆಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಅನುಮತಿ ಇದು. ಸಂಪೂರ್ಣ ರಫ್ತು ಆಧಾರಿತ ಘಟಕಗಳಿಗೂ ಇಂಥದೇ ಸೌಲಭ್ಯವಿದೆ. ಹೀಗೆ ತಂದ ಬೀಜವನ್ನು ತಂದವರೇ ಬಳಸಬೇಕು. ಇನ್ನೊಬ್ಬರಿಗೆ ಮಾರುವಂತಿಲ್ಲ, ಊರಿನ ಮಾರುಕಟ್ಟೆಗೆ ಬಿಡುವಂತಿಲ್ಲ. ಒಂದು ಕಿಲೋ ಇನ್‌ಸ್ಟಂಟ್ ಕಾಫಿಗೆ 2.6 ಕಿಲೋ ಹಸಿ ಬೀಜ ಎಂಬುದು ಅಂತಾರಾಷ್ಟ್ರೀಯ ಕಾಫಿ ಸಂಘಟನೆ ಬಳಸುವ ಅನುಪಾತ. ಒಳಗೆ ಬಂದ ಬೀಜಕ್ಕೂ ಹೊರಗೆ ಹೋದ ಪುಡಿಗೂ ತಾಳೆ ಹಾಕುವ ಕೆಲಸ ಇಂಥ ಲೆಕ್ಕದ ಮೇಲೆಯೇ ನಿಂತಿದೆ.

ಹೀಗೆ ಬಂದ ಉಗಾಂಡದ ಬೀಜ ಕೊಡಗಿಗೆ ಬರುವುದೇ ಅಪರೂಪ. ಅದು ಹೋಗುವುದು ತಮಿಳುನಾಡು, ಆಂಧ್ರ, ತೆಲಂಗಾಣ ಮತ್ತು ಮೈಸೂರು ಜಿಲ್ಲೆಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳಿಗೆ. ಅಲ್ಲಿಂದ ಪುಡಿಯಾಗಿ ರಷ್ಯಾಕ್ಕೆ, ಯುರೋಪಿಗೆ, ಪಶ್ಚಿಮ ಏಷ್ಯಕ್ಕೆ. ಭಾರತದ ಕಾಫಿ ರಫ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಇನ್‌ಸ್ಟಂಟ್ ಕಾಫಿ. ಭಾರತದ ರಫ್ತಿನ ಒಟ್ಟು ತೂಕ ಕೆಲವು ವರ್ಷ ಭಾರತದ ಒಟ್ಟು ಬೆಳೆಗಿಂತ ಹೆಚ್ಚಾಗಿ ಕಾಣುವುದಕ್ಕೂ ಈ ಮರುರಫ್ತೇ ಕಾರಣ. ಬೆಳೆದದ್ದಕ್ಕಿಂತ ಹೆಚ್ಚು ಮಾರಿದೆವು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅದನ್ನು ಓದಿದ ಬೆಳೆಗಾರ ತಲೆ ಕೆರೆದುಕೊಳ್ಳುವುದು ಸಹಜ.

ಸಾಗಣೆಯ ವಿಷಯದಲ್ಲಿ 2023ರ ಕೊನೆಯಿಂದ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದ ಮೇಲೆ ಇಟಲಿ, ಜರ್ಮನಿಗೆ ಹೋಗಬೇಕಾದ ಕೊಡಗಿನ ಕಾಫಿ ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಬೇಕಾಯಿತು. ಬಾಡಿಗೆ ಏರಿತು, ದಿನಗಳು ಹೆಚ್ಚಿದವು. ಉಗಾಂಡದಿಂದ ಯುರೋಪಿಗೆ ಹೋಗುವ ಕಾಫಿಗೂ ಅದೇ ಗತಿ. ಆದರೆ ಮೊಂಬಾಸಾದಿಂದ ಭಾರತಕ್ಕೆ ಬರುವ ದಾರಿಯಲ್ಲಿ ಕೆಂಪು ಸಮುದ್ರವಿಲ್ಲ. ಉಗಾಂಡದ ರಫ್ತುದಾರನಿಗೆ ಆ ತಿಂಗಳುಗಳಲ್ಲಿ ಭಾರತದ ಖರೀದಿದಾರ ಹಿಂದಿಗಿಂತ ಹತ್ತಿರದವನಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಬೆಲೆಯ ಲೆಕ್ಕ

ಆಮದಿನಿಂದ ಬೆಲೆ ಬಿದ್ದಿತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬೆಳೆಗಾರ ದಿನವೂ ಮಾಡುವ ಲೆಕ್ಕವೇ ಸಾಕು. ಕೊಡಗಿನಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣು, ಮಾರಾಟವಾಗುವುದು 50 ಕಿಲೋ ಚೀಲದ ಲೆಕ್ಕದಲ್ಲಿ, ದರ ನಿಲ್ಲುವುದು ಔಟ್‌ಟರ್ನ್ ಮೇಲೆ. ಒಂದು ಚೀಲ ಒಣ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೋ ಅಷ್ಟು ಪಾಯಿಂಟ್. ಸಾಧಾರಣ ತೋಟದಲ್ಲಿ 26 ಪಾಯಿಂಟ್ ಎಂದು ಹಿಡಿಯೋಣ.

2020ರ ಆರಂಭದಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ ಸುಮಾರು 1,300 ಡಾಲರ್, ಡಾಲರಿಗೆ ಸುಮಾರು 71 ರೂಪಾಯಿ. ಬೀಜದ ಬೆಲೆ ಕಿಲೋಗೆ 92 ರೂಪಾಯಿಯ ಆಸುಪಾಸು, 26 ಪಾಯಿಂಟಿನ ಚೀಲಕ್ಕೆ ಸುಮಾರು 2,400. ಆಗ ಕೊಡಗಿನಲ್ಲಿ ಚೀಲಕ್ಕೆ ಸಿಗುತ್ತಿದ್ದದ್ದು 3,200ರಿಂದ 3,400 ರೂಪಾಯಿ. ಬೆಳೆಗಾರನಿಗೆ ಅದು ಖರ್ಚೂ ಹುಟ್ಟದ ಬೆಲೆ. ಆದರೂ ಲಂಡನ್ ಲೆಕ್ಕಕ್ಕಿಂತ ಸುಮಾರು 900 ರೂಪಾಯಿ ಮೇಲೆ. 2024ರ ಏಪ್ರಿಲ್‌ಗೆ ಬರೋಣ. ಲಂಡನ್ 4,000 ಡಾಲರಿನ ಸುತ್ತ, ಡಾಲರಿಗೆ 83 ರೂಪಾಯಿ, ಕಿಲೋಗೆ 332, ಚೀಲಕ್ಕೆ ಸುಮಾರು 8,600. ಕೊಡಗಿನಲ್ಲಿ ಆ ವಾರಗಳಲ್ಲಿ ಚೀಲ 10,000 ರೂಪಾಯಿ ಮುಟ್ಟಿತ್ತು. ಇಲ್ಲಿಯೂ ಲಂಡನ್ ಲೆಕ್ಕಕ್ಕಿಂತ ಸುಮಾರು 1,400 ಹೆಚ್ಚು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ 5,000 ಡಾಲರನ್ನೂ ದಾಟಿತು.

ಈ ಅಂಕಿಗಳನ್ನು ಅಂದಾಜೆಂದೇ ಓದಬೇಕು. ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ ಕ್ಯೂರಿಂಗ್‌ನ ಖರ್ಚು, ಸಾಗಣೆ, ವ್ಯಾಪಾರಿಯ ಪಾಲು ಇದರಲ್ಲಿ ಸೇರಿಲ್ಲ, ಸೇರಿಸಿದರೆ ಹೆಚ್ಚುವರಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮುಖ್ಯ ಅಂಶ ಇಷ್ಟೇ: ಚೀಲದ ಬೆಲೆ ಮೂರು ಪಟ್ಟಾದಾಗ ಆ ಏರಿಕೆಯ ಬಹುಪಾಲು ಲಂಡನ್ನಿನಿಂದ ಬಂತು, ಮತ್ತು ಎರಡೂ ಕಾಲದಲ್ಲಿ ಕೊಡಗಿನ ಬೀಜಕ್ಕೆ ಲಂಡನ್ನಿಗಿಂತ ಮೇಲಿನ ಬೆಲೆ ಸಿಕ್ಕಿತು. ಆ ಹೆಚ್ಚುವರಿ ಉಳಿದಿರುವುದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಎಸ್ಪ್ರೆಸೊ ಮಿಶ್ರಣಕ್ಕೆ ನೆರಳಿನಲ್ಲಿ ಬೆಳೆದ ಭಾರತದ ರೊಬಸ್ಟಾ, ಅದರಲ್ಲೂ ಹಣ್ಣಿನ ತಿರುಳನ್ನು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಬೇಕೇ ಬೇಕು ಎನ್ನುವ ಇಟಲಿಯ ಖರೀದಿದಾರರು ಒಂದು. ದೇಶದೊಳಗಿನ ಬಳಕೆಗೆ ಹೊರಗಿನ ಬೀಜ ಬರದಂತೆ ತಡೆದಿರುವ ಶೇಕಡ 100ರ ಸುಂಕ ಇನ್ನೊಂದು. ಉಗಾಂಡದ ಆಮದು ನಮ್ಮ ಬೆಲೆಯನ್ನು ನೆಲಕ್ಕೆ ಎಳೆಯುತ್ತಿದ್ದರೆ ಮೊದಲು ಕರಗಬೇಕಾಗಿದ್ದದ್ದು ಈ ಹೆಚ್ಚುವರಿಯೇ. ಅದು ಕರಗಿಲ್ಲ.

ಕಾರ್ಖಾನೆಗಳ ವಾದವನ್ನೂ ಇಲ್ಲಿ ದಾಖಲಿಸಬೇಕು. ಬೆಲೆ ಏರುತ್ತಿರುವ ವರ್ಷದಲ್ಲಿ ಬೆಳೆಗಾರ ಚೀಲಗಳನ್ನು ಗೋದಾಮಿನಲ್ಲಿಟ್ಟು ಕಾಯುತ್ತಾನೆ. ಕಾಯುವುದು ಅವನ ಹಕ್ಕು. ಆದರೆ ವಿದೇಶದ ಖರೀದಿದಾರನಿಗೆ ಆರು ತಿಂಗಳ ಹಿಂದೆಯೇ ದರ ಒಪ್ಪಿಕೊಂಡಿರುವ ಕಾರ್ಖಾನೆ ಕಾಯುವಂತಿಲ್ಲ. ಆಮದಿನ ಬಾಗಿಲು ಮುಚ್ಚಿದರೆ ಆ ಖರೀದಿ ಕೊಡಗಿಗೆ ತಿರುಗುತ್ತದೆ ಎಂದು ನಮ್ಮವರು ನಂಬಿದ್ದಾರೆ. ಅದು ವಿಯೆಟ್ನಾಮಿನ ಕಾರ್ಖಾನೆಗಳಿಗೆ ತಿರುಗುವ ಸಾಧ್ಯತೆಯೇ ಹೆಚ್ಚೆಂದು ನನ್ನ ಅಂದಾಜು. ಅಗ್ಗದ ಪುಡಿ ಕೊಳ್ಳುವ ಗ್ರಾಹಕ ಕೊಡಗಿನ ಬೆಲೆ ಕೊಡಲು ಸಿದ್ಧನಿಲ್ಲದೆ ಇದ್ದುದರಿಂದಲೇ ತಾನೇ ಉಗಾಂಡದ ಬೀಜ ಬಂದದ್ದು.

ಬಿಟ್ಸ್ ಮತ್ತು ಕರಿಬೀಜದ ಪಾಡು

ಒಟ್ಟು ಬೆಲೆಯ ಮಟ್ಟದಲ್ಲಿ ಕಾಣದ ಒತ್ತಡ ದರ್ಜೆಗಳ ಮಟ್ಟದಲ್ಲಿ ಕಾಣುತ್ತದೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಯಾವುದೇ ಕ್ಯೂರಿಂಗ್ ವರ್ಕ್ಸ್‌ಗೆ ಹಂಗಾಮಿನಲ್ಲಿ ಹೋದರೆ ಮಾದರಿ ಪರೀಕ್ಷೆಯ ಮೇಜಿನ ಬಳಿ ಇದನ್ನು ಕಣ್ಣಾರೆ ನೋಡಬಹುದು. ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಒಂದು ಹಿಡಿ ಚೆರಿಯನ್ನು ತೂಗಿ, ಪುಟ್ಟ ಹಲ್ಲಿಂಗ್ ಯಂತ್ರಕ್ಕೆ ಹಾಕಿ, ಬಂದ ಬೀಜವನ್ನು ಜಾಲರಿಗಳ ಮೇಲೆ ಅಲುಗಾಡಿಸುತ್ತಾರೆ. ದಪ್ಪ ಬೀಜ ಮೇಲೆ ನಿಲ್ಲುತ್ತದೆ, ಅದು ಎಬಿ. ಉರುಟು ಒಂಟಿಬೀಜ ಪೀಬೆರಿ ಬೇರೆಯಾಗುತ್ತದೆ. ಸಣ್ಣದು ಸಿ. ಕೊನೆಯ ತಟ್ಟೆಯಲ್ಲಿ ಉಳಿಯುವುದು ಒಡಕು, ಕರಿಬೀಜ, ಕಂದುಬೀಜ, ಅಂದರೆ ಬಿಟ್ಸ್ ಮತ್ತು ಬಿಬಿಬಿ. ತೇವಾಂಶದ ಮೀಟರ್ ನೋಡಿದ ಮೇಲೆ ಬೆಳೆಗಾರ ಕೇಳುವುದು ‘ಎಷ್ಟು ಪಾಯಿಂಟ್ ಬಂತು ಅಣ್ಣ?’ ಎಂದು, ವ್ಯಾಪಾರಿಯ ಕಣ್ಣಿರುವುದು ಮಾತ್ರ ಆ ಕೊನೆಯ ತಟ್ಟೆಯ ಮೇಲೆ.

ಉಗಾಂಡದಲ್ಲೂ ಇಂಥದೇ ವಿಂಗಡಣೆಯಿದೆ. ಒಣ ಚೆರಿಗೆ ಅಲ್ಲಿ ಕಿಬೊಕೊ ಎನ್ನುತ್ತಾರೆ. ಸಿಪ್ಪೆ ತೆಗೆದ ಬೀಜವನ್ನು ಜಾಲರಿಯ ರಂಧ್ರದ ಅಳತೆಯ ಮೇಲೆ ಸ್ಕ್ರೀನ್ 18, 15, 12 ಎಂದು ವಿಂಗಡಿಸುತ್ತಾರೆ. ಅಂಗುಲವನ್ನು 64 ಪಾಲು ಮಾಡಿದರೆ ಅಂಥ ಎಷ್ಟು ಪಾಲು ಎಂಬುದೇ ಆ ಸಂಖ್ಯೆ. ಕೊನೆಗುಳಿಯುವ ಕರಿ, ಒಡಕು ಬೀಜಕ್ಕೆ ಬಿಎಚ್‌ಪಿ ಎಂಬ ಹೆಸರು. ದಪ್ಪನೆಯ ಸ್ಕ್ರೀನ್ 18 ಯುರೋಪಿನ ರೋಸ್ಟರುಗಳಿಗೆ ಪ್ರಿಯ. ಇನ್‌ಸ್ಟಂಟ್ ಕಾಫಿ ಮಾಡುವವನಿಗೆ ಬೀಜದ ಗಾತ್ರ, ಬಣ್ಣ ಯಾವುದೂ ಬೇಡ. ಬಿಸಿನೀರಿಗೆ ಕರಗಿ ಬರುವ ಸಾರ ಎಷ್ಟು, ಬೆಲೆ ಎಷ್ಟು ಎಂಬುದಷ್ಟೇ ಬೇಕು. ಆದ್ದರಿಂದ ಅವನಿಗೆ ಹೊಂದುವುದು ಸ್ಕ್ರೀನ್ 12, ಬಿಎಚ್‌ಪಿಯಂಥ ಕೆಳದರ್ಜೆಗಳು. ಕೊಡಗಿನ ಎಬಿ ಇಟಲಿಗೆ ಹೋಗುತ್ತದೆ, ಅದಕ್ಕೆ ಉಗಾಂಡದ ಸ್ಪರ್ಧೆ ಭಾರತದೊಳಗೆ ಇಲ್ಲ. ಕೊಡಗಿನ ಬಿಟ್ಸ್, ಬಿಬಿಬಿ, ಸಿ ದರ್ಜೆಗಳಿಗೆ ದೊಡ್ಡ ಗಿರಾಕಿ ಇದೇ ಇನ್‌ಸ್ಟಂಟ್ ಕಾರ್ಖಾನೆ. ಅಲ್ಲಿ ನಮ್ಮ ಬೀಜ ಮತ್ತು ಸುಂಕವಿಲ್ಲದೆ ಬಂದ ಉಗಾಂಡದ ಬೀಜ ಎದುರುಬದುರು ನಿಲ್ಲುತ್ತವೆ.

ದೊಡ್ಡ ತೋಟದವರು ಕ್ಯೂರಿಂಗ್ ಮಾಡಿಸಿ ದರ್ಜೆವಾರು ಮಾರುವುದರಿಂದ ಕೆಳದರ್ಜೆಯ ನಷ್ಟವನ್ನು ಎಬಿಯ ಲಾಭದಲ್ಲಿ ಸರಿದೂಗಿಸಿಕೊಳ್ಳುತ್ತಾರೆ. ಐದಾರು ಎಕರೆಯ ಬೆಳೆಗಾರ ಕಣದಿಂದಲೇ ಚೆರಿಯನ್ನು ಮಾರಿಬಿಡುತ್ತಾನೆ. ಅವನ ಪಾಯಿಂಟಿನ ದರ ನಿಗದಿಯಾಗುವಾಗ ಕೊನೆಯ ತಟ್ಟೆಯ ಬೀಜಕ್ಕೆ ವ್ಯಾಪಾರಿ ಹಾಕುವ ಬೆಲೆಯೂ ಅದರೊಳಗೆ ಅಡಗಿರುತ್ತದೆ. ಡಿಸೆಂಬರಿನ ಅಕಾಲ ಮಳೆಗೆ ಹಣ್ಣು ಉದುರಿ, ಕಣದಲ್ಲಿ ಒಣಗದೆ, ಕಪ್ಪುಬೀಜ ಹೆಚ್ಚಾದ ವರ್ಷದಲ್ಲಿ ಈ ಒಳಗಿನ ಕಡಿತ ಜೋರಾಗಿರುತ್ತದೆ. ಆಮದಿನ ಹೊರೆಯನ್ನು ನಿಜವಾಗಿ ಹೊರುವವನು ಇವನು. ಆದರೆ ಆಮದಿನ ವಿರುದ್ಧ ಸಭೆಗಳಲ್ಲಿ ಗಟ್ಟಿಯಾಗಿ ಮಾತನಾಡುವವರಲ್ಲಿ ಇವನ ದನಿ ಕೇಳಿಸುವುದು ಕಡಿಮೆ.

ಮೆಣಸಿನೊಡನೆ ಹೋಲಿಸಬಹುದೇ?

ಕಾಫಿಯ ಆಮದನ್ನು ವಿರೋಧಿಸುವವರು ಸಾಮಾನ್ಯವಾಗಿ ಕರಿಮೆಣಸಿನ ಉದಾಹರಣೆ ಕೊಡುತ್ತಾರೆ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಮೂಲಕ, ಅಲ್ಲಿಯದೇ ಬೆಳೆಯೆಂಬ ಕಾಗದದೊಡನೆ, ಕಡಿಮೆ ಸುಂಕದಲ್ಲಿ ದೇಶದೊಳಗಿನ ಮಾರುಕಟ್ಟೆಗೇ ನುಗ್ಗಿತೆಂಬ ದೂರು ಆಗ ವ್ಯಾಪಕವಾಗಿತ್ತು. 2015-16ರಲ್ಲಿ ಕಿಲೋಗೆ 700 ರೂಪಾಯಿ ಆಸುಪಾಸಿನಲ್ಲಿದ್ದ ಬೆಲೆ ಎರಡು ಮೂರು ವರ್ಷಗಳಲ್ಲಿ ಅರ್ಧಕ್ಕೆ ಇಳಿಯಿತು, ಮತ್ತು 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಬೇಕಾಯಿತು. ಹೋಲಿಕೆ ಅರ್ಧ ಮಾತ್ರ ಸರಿ. ಮೆಣಸಿಗೆ ಒಪ್ಪಂದದ ಮೂಲಕ ಸುಂಕ ತಗ್ಗಿಸಿದ ದಾರಿಯೊಂದಿತ್ತು, ಒಳಗೆ ಬಂದ ಸರಕು ಇಲ್ಲೇ ಮಾರಾಟವಾಗಬಹುದಿತ್ತು. ಉಗಾಂಡದ ಕಾಫಿಗೆ ಅಂಥ ದಾರಿಯಿಲ್ಲ, ಬಂದದ್ದು ಹೊರಗೆ ಹೋಗಲೇಬೇಕು. ಮೆಣಸಿನ ಪ್ರಕರಣದಿಂದ ಕಾಫಿಗೆ ಒದಗುವ ಒಂದೇ ಅಂಶ ಮೂಲ ದೇಶದ ಪ್ರಮಾಣಪತ್ರದ್ದು. ಹೊರಗೆ ಹೋಗಬೇಕಾದ ಬೀಜ ಒಳಗೇ ಉಳಿದು, ಇಲ್ಲಿಯ ಬೀಜದೊಡನೆ ಬೆರೆತು, ಭಾರತದ ಕಾಫಿಯೆಂಬ ಹೆಸರಿನಲ್ಲಿ ಹೊರಟರೆ ಲಂಡನ್ನಿಗಿಂತ ಮೇಲೆ ಸಿಗುವ ಆ ಹೆಚ್ಚುವರಿಯ ಬುಡಕ್ಕೇ ಪೆಟ್ಟು ಬೀಳುತ್ತದೆ. ಹಾಗೆ ನಡೆದಿದೆಯೆಂದು ನಾನು ಹೇಳುತ್ತಿಲ್ಲ. ಕಾವಲು ಬೇಕಾದದ್ದು ಅಲ್ಲಿ ಎನ್ನುತ್ತಿದ್ದೇನೆ.

ಚೀಲದೊಳಗೆ ಇನ್ನೇನು ಬರಬಹುದು

ಕಾಯಿಕೊರಕ, ತೋಟದ ಮಾತಿನಲ್ಲಿ ಬೆರಿ ಬೋರರ್, ಆಫ್ರಿಕಾ ಮೂಲದ ಕೀಟ. ಭಾರತದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಕೆಲವೇ ವರ್ಷಗಳಲ್ಲಿ ವಯನಾಡು, ಕೊಡಗು ಎರಡನ್ನೂ ಆವರಿಸಿತು. ಕೊಯ್ಲಿನ ನಂತರ ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿ ಆರಿಸುವುದು, ಕಣದ ಸುತ್ತ ಟ್ರ್ಯಾಪ್ ಕಟ್ಟುವುದು, ಚೀಲಗಳನ್ನು ಹೊಗೆಗೆ ಒಡ್ಡುವುದು ಎಂದು ಅಂದಿನಿಂದ ಇಂದಿನವರೆಗೆ ಬೆಳೆಗಾರ ಅದಕ್ಕೆ ಸುರಿಯುತ್ತಿರುವ ಹಣ ಬೆಲೆ ಇಳಿದಾಗ ಆಗುವ ನಷ್ಟದಂತೆ ಒಂದೆರಡು ವರ್ಷಕ್ಕೆ ಮುಗಿಯುವಂಥದ್ದಲ್ಲ.

ಉಗಾಂಡದಲ್ಲಿ ಇದಕ್ಕಿಂತ ಘೋರವಾದದ್ದು ನಡೆದಿದೆ. 1993ರಲ್ಲಿ ಅಲ್ಲಿ ಗುರುತಿಸಲಾದ ಕಾಫಿ ಸೊರಗು ರೋಗ, ಫ್ಯುಸೇರಿಯಂ ಜಾತಿಯ ಶಿಲೀಂಧ್ರದಿಂದ ಬರುವಂಥದ್ದು, ದೇಶದ ರೊಬಸ್ಟಾ ಗಿಡಗಳಲ್ಲಿ ಅರ್ಧದಷ್ಟನ್ನು ಬಲಿ ತೆಗೆದುಕೊಂಡಿತು. ಅದು ತಗುಲಿದ ಗಿಡ ಮತ್ತೆ ಚೇತರಿಸುವುದಿಲ್ಲ. ಕಿತ್ತು ಅಲ್ಲಿಯೇ ಸುಡಬೇಕು. ಕಿತುಜಾ ಸಂಶೋಧನಾ ಕೇಂದ್ರದಲ್ಲಿ ರೋಗ ತಾಳುವ ತಳಿಗಳನ್ನು ಬೆಳೆಸಿ ಹಂಚಿದ ಮೇಲೆಯೇ ಅಲ್ಲಿನ ಬೆಳೆ ಮೊದಲಿನ ಸ್ಥಿತಿಗೆ ಬಂತು. ಭಾರತದಲ್ಲಿ ಈ ರೋಗವಿಲ್ಲ. ಕೊಡಗಿನ ತೋಟಗಳಲ್ಲಿರುವ ಎಸ್ 274, ಸಿ x ಆರ್ ತಳಿಗಳನ್ನು ಆಯ್ದಾಗ ಈ ರೋಗವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ತೆಗೆದುಕೊಳ್ಳಲು ಕಾರಣವೂ ಇರಲಿಲ್ಲ.

2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದಾಗುವ ಬೀಜಕ್ಕೆ ರಫ್ತು ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಂದರಿನಲ್ಲಿ ತಪಾಸಣೆಯಾಗಬೇಕು. ನಿಯಮ ಸರಿಯಾಗಿದೆ. ಬಂದರಿನಿಂದ ಕಾರ್ಖಾನೆಯವರೆಗಿನ ಹಾದಿಯಲ್ಲಿ ಏನಾಗುತ್ತದೆ ಎಂಬುದೇ ನನ್ನ ಚಿಂತೆ. ಆಮದು ಬೀಜದ ಲಾರಿ ಕಾಫಿ ಬೆಳೆಯುವ ತಾಲ್ಲೂಕುಗಳನ್ನು ಹಾದುಹೋಗಬಾರದು, ಆ ಬೀಜ ತುಂಬಿ ಬಂದ ಗೋಣಿಚೀಲ ಮತ್ತೆ ತೋಟಗಳಿಗೆ ಮಾರಾಟವಾಗಬಾರದು, ವಿಂಗಡಣೆಯಲ್ಲಿ ಉಳಿದ ಹೊಟ್ಟು, ಕಸ ಗೊಬ್ಬರದ ರೂಪದಲ್ಲಿ ತೋಟ ಸೇರಬಾರದು. ಈ ಮೂರಕ್ಕೂ ಲಿಖಿತ ಖಾತ್ರಿ ಕೇಳುವುದು, ಆಮದು ನಿಷೇಧಿಸಿ ಎಂದು ದೆಹಲಿಗೆ ವರ್ಷವರ್ಷವೂ ಪತ್ರ ಬರೆಯುವುದಕ್ಕಿಂತ ಫಲ ಕೊಡುವ ಕೆಲಸ. ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರ ನಮ್ಮ ಪಕ್ಕದಲ್ಲೇ ಇದೆ. ರೊಬಸ್ಟಾ ಗಿಡವೊಂದು ಕಾರಣ ತಿಳಿಯದೆ ಒಂದೇ ಬದಿಯಿಂದ ಹಳದಿಯಾಗಿ ಒಣಗತೊಡಗಿದರೆ ತಡಮಾಡದೆ ಅಲ್ಲಿಗೆ ತಿಳಿಸುವ ರೂಢಿಯನ್ನಾದರೂ ಬೆಳೆಸಿಕೊಳ್ಳಬಹುದು.

ಕಂಪಾಲದ ಕಡೆಯಿಂದ ನೋಡಿದರೆ

ಉಗಾಂಡದ ದೃಷ್ಟಿಯಲ್ಲಿ ಈ ವ್ಯಾಪಾರ ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟರೆ ಅಧ್ಯಯನ ಒಂದೇ ಕಣ್ಣಿನದಾಗುತ್ತದೆ. ಭಾರತ ಆ ದೇಶಕ್ಕೆ ಔಷಧ, ಯಂತ್ರೋಪಕರಣ, ವಾಹನಗಳನ್ನು ಮಾರುತ್ತದೆ. ಕಂಪಾಲದ ಬೀದಿಗಳಲ್ಲಿ ಬೋಡಾ ಬೋಡಾ ಎಂದು ಕರೆಯುವ ಬಾಡಿಗೆ ಮೋಟಾರ್‌ಸೈಕಲ್‌ಗಳಲ್ಲಿ ಬಹುಪಾಲು ಬಜಾಜ್ ಕಂಪನಿಯವು. ಅಲ್ಲಿಂದ ಬರುವುದು ಕಾಫಿ, ಕೋಕೋ, ಕಾಳುಗಳು. ಚಿನ್ನವನ್ನು ಬಿಟ್ಟು ನೋಡಿದರೆ ತಕ್ಕಡಿ ಭಾರತದ ಕಡೆಗೇ ವಾಲಿದೆ. ಬೀಜವನ್ನು ಹಾಗೆಯೇ ಮಾರಿ ಲಾಭವನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿದ್ದೇವೆ ಎಂಬುದು ಅಧ್ಯಕ್ಷ ಮುಸೆವೆನಿ ವರ್ಷಗಳಿಂದ ಹೇಳುತ್ತಾ ಬಂದಿರುವ ದೂರು. 2023ರ ಆಗಸ್ಟ್‌ನಲ್ಲಿ ಆಫ್ರಿಕಾದ ಕಾಫಿ ದೇಶಗಳು ಕಂಪಾಲದಲ್ಲಿ ಸೇರಿದಾಗಲೂ ಮುಖ್ಯ ಮಾತು ಅದೇ ಆಗಿತ್ತು. ರೋಸ್ಟ್ ಮಾಡಿ ಪ್ಯಾಕೆಟ್ ಕಟ್ಟಿ ಮಾರುವ ಇಟಲಿಯ ಬಗ್ಗೆ ಕೊಡಗಿನವರು ಆಡುವ ಮಾತನ್ನೇ ಉಗಾಂಡದವರು ಭಾರತದ ಇನ್‌ಸ್ಟಂಟ್ ಕಾರ್ಖಾನೆಗಳ ಬಗ್ಗೆ ಆಡಬಹುದು, ಒಂದಕ್ಷರವನ್ನೂ ಬದಲಿಸದೆ.

2024ರ ಕೊನೆಯಲ್ಲಿ ಉಗಾಂಡ ತನ್ನ ಕಾಫಿ ಪ್ರಾಧಿಕಾರವನ್ನು ಪ್ರತ್ಯೇಕವಾಗಿ ಉಳಿಸದೆ ಕೃಷಿ ಸಚಿವಾಲಯದೊಳಗೆ ಸೇರಿಸಿತು; ಅಲ್ಲಿಯ ಸಂಸತ್ತಿನಲ್ಲಿ ಆ ಬಗ್ಗೆ ಕೈಕೈ ಮಿಲಾಯಿಸುವಷ್ಟು ಜಗಳವಾಯಿತು. ಗುಣಮಟ್ಟದ ಪರೀಕ್ಷೆ, ರಫ್ತಿನ ಪ್ರಮಾಣಪತ್ರ ಎರಡನ್ನೂ ನೋಡಿಕೊಳ್ಳುತ್ತಿದ್ದ ಸಂಸ್ಥೆ ಹೀಗೆ ಬದಲಾದಾಗ, ಅಲ್ಲಿಂದ ಬರುವ ಕಾಗದಗಳನ್ನು ನಂಬಿ ಬೀಜ ಒಳಬಿಡುವ ನಮ್ಮ ಬಂದರುಗಳ ತಪಾಸಣೆ ಒಂದಷ್ಟು ಬಿಗಿಯಾಗುವುದು ನ್ಯಾಯವೇ.

ಯುರೋಪಿನ ಹೊಸ ನಿಯಮ ಮತ್ತು ಉಳಿದ ಎರಡು ಕೆಲಸಗಳು

ಅರಣ್ಯನಾಶಕ್ಕೆ ಸಂಬಂಧಿಸಿದಂತೆ ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ನಿಯಮದ ಜಾರಿ ದಿನಾಂಕ ಮುಂದೆ ಹೋಗುತ್ತಿದ್ದರೂ ನಿಯಮ ಹೋಗಿಲ್ಲ. ಅದರ ಪ್ರಕಾರ ಯುರೋಪಿಗೆ ಹೋಗುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂಬುದಕ್ಕೆ ತೋಟದ ಅಕ್ಷಾಂಶ, ರೇಖಾಂಶ ಸಹಿತ ಪುರಾವೆ ಬೇಕು. ಕೊಡಗಿನಲ್ಲಿ ಕಾಫಿ ಮಂಡಳಿ ಬೆಳೆಗಾರರ ನೋಂದಣಿ ಮಾಡಿಸುತ್ತಿದೆ. ಉಗಾಂಡವೂ ತನ್ನ ಲಕ್ಷಾಂತರ ಸಣ್ಣ ರೈತರನ್ನು ನೋಂದಾಯಿಸುವ ಕೆಲಸಕ್ಕೆ ಇಳಿದಿದೆ. ನಮ್ಮವರು ಗಮನಿಸದ ಒಂದು ಅಂಶ ಇಲ್ಲಿದೆ. 2023ರಲ್ಲಿ ಹೊರಬಂದ ಆ ನಿಯಮದ ಸರಕುಪಟ್ಟಿಯಲ್ಲಿ ಕಾಫಿ ಬೀಜ ಮತ್ತು ಹುರಿದ ಕಾಫಿ ಇದ್ದವು. ಇನ್‌ಸ್ಟಂಟ್ ಕಾಫಿ ಬರುವ ಶೀರ್ಷಿಕೆ ಅದರಲ್ಲಿರಲಿಲ್ಲ. ಅದು ಹಾಗೆಯೇ ಜಾರಿಯಾದರೆ, ಬೀಜದ ರೂಪದಲ್ಲಿ ಇಟಲಿಗೆ ಹೋಗುವ ಕೊಡಗಿನ ಕಾಫಿಗೆ ತೋಟದ ನಕ್ಷೆ ಬೇಕು, ಭಾರತದಲ್ಲಿ ಪುಡಿಯಾಗಿ ಅದೇ ಯುರೋಪಿಗೆ ಹೋಗುವ ಉಗಾಂಡದ ಕಾಫಿಗೆ ಬೇಡ. ನಕ್ಷೆಯಿಲ್ಲದ ಬೀಜಕ್ಕೆ ಭಾರತದ ಇನ್‌ಸ್ಟಂಟ್ ಕಾರ್ಖಾನೆ ಸುಲಭದ ದಾರಿಯಾಗಿ, ಆಮದಿನ ಪ್ರಮಾಣ ಈಗಿನದಕ್ಕಿಂತ ಹೆಚ್ಚಬಹುದು. ಬೆಳೆಗಾರರ ಸಂಘಗಳು ಈ ಪಟ್ಟಿಯ ತಿದ್ದುಪಡಿಯನ್ನು ಹತ್ತಿರದಿಂದ ಹಿಂಬಾಲಿಸಬೇಕಾದ ಕಾರಣ ಇದು.

ಉಳಿದ ಎರಡು ಕೆಲಸಗಳು ಇಲ್ಲಿಯೇ ಆಗಬೇಕಾದವು. ಮೊದಲನೆಯದು ಕೊಡಗಿನ ರೊಬಸ್ಟಾಕ್ಕೆ ಹೆಸರಿನ ರಕ್ಷಣೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಭಾರತದ ಐದು ಕಾಫಿಗಳಲ್ಲಿ ಕೊಡಗಿನದು ಅರೇಬಿಕಾ. ರೊಬಸ್ಟಾಕ್ಕೆ ಅಂದು ಮಾನ್ಯತೆ ಸಿಕ್ಕಿದ್ದು ವಯನಾಡಿನ ಹೆಸರಿನಲ್ಲಿ. ಉಗಾಂಡದ ಬೀಜದೊಡನೆ ಸ್ಪರ್ಧೆಗೆ ನಿಂತಿರುವುದು ಕೊಡಗಿನ ರೊಬಸ್ಟಾ, ಹೆಸರಿನ ರಕ್ಷಣೆ ದೊರೆತದ್ದು ಅರೇಬಿಕಾಕ್ಕೆ. ಎರಡನೆಯದು ಲೆಕ್ಕದ ಕೆಲಸ: ಯಾವ ದೇಶದ ಎಷ್ಟು ಬೀಜ ಯಾವ ಬಂದರಿನಲ್ಲಿ ಇಳಿಯಿತು, ಅದಕ್ಕೆ ಸರಿಯಾಗಿ ಎಷ್ಟು ಪುಡಿ ಮರುರಫ್ತಾಯಿತು ಎಂಬುದನ್ನು ತಿಂಗಳು ತಿಂಗಳು ಒಂದೇ ತಖ್ತೆಯಲ್ಲಿ, ಕನ್ನಡದಲ್ಲಿ, ಬೆಳೆಗಾರ ತನ್ನ ಪಾಯಿಂಟಿನ ದರ ನೋಡುವ ಮೊಬೈಲಿನಲ್ಲೇ ಸಿಗುವಂತೆ ಪ್ರಕಟಿಸಬೇಕು. ಆ ಎರಡು ಅಂಕಣಗಳ ನಡುವಿನ ವ್ಯತ್ಯಾಸ ಯಾವುದಾದರೂ ತಿಂಗಳು 2.6ರ ಅನುಪಾತಕ್ಕೆ ಹೊಂದದಿದ್ದರೆ ಮನವಿಪತ್ರದಲ್ಲಿ ಬರೆಯಬೇಕಾದ ವಿಷಯ ಅದು.